ಕಮಲಮ್ಮನ ಕಾಲು

ಕಮಲಮ್ಮನ ಕಾಲು ನೋಡಲು ಚೆಂದವಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಾನು ಮುಚ್ಚಿಟ್ಟೆ ಎಂದು ಯಾರೂ ಅನ್ನುವುದು ಬೇಡ. ಕಪ್ಪು ಕಾಲು, ಒಡೆದ ಹಿಮ್ಮಡಿ, ಉಬ್ಬಿದ ನರ, ಎಡಮಂಡಿಯ ಕೆಳಗೆ ಅಂಗೈ ಉದ್ದದ ಒಂದು ಸುಟ್ಟ ಕಲೆ. ಆದರೆ ಬಸವನಗುಡಿಯಿಂದ ಮಲ್ಲೇಶ್ವರದವರೆಗೆ ಮೂವತ್ತೇಳು ವರ್ಷಗಳಲ್ಲಿ ಹುಟ್ಟಿದ ಎಷ್ಟೋ ನೂರು ಕೂಸುಗಳು ಆ ಕಾಲಿನ ಮೇಲೆ ಮಲಗಿ ಮೈ ತೊಳೆಸಿಕೊಂಡಿವೆ. ಕಮಲಮ್ಮ ಬಾಣಂತಿ ಇರುವ ಮನೆಗಳಿಗೆ ಹೋಗಿ ಕೂಸಿಗೆ ಎಣ್ಣೆ ತಿಕ್ಕಿ ನೀರು ಹಾಕುವವಳು. ಬಚ್ಚಲಲ್ಲಿ ಕಾಲು ನೀಡಿ ಕೂತು, ಕೂಸನ್ನು ಕಾಲಿನ ಮೇಲೆ ಬೋರಲು ಮಲಗಿಸಿ ಅವಳು ಬೆನ್ನು ನೀವಿದರೆ, ಲೋಕವನ್ನೇ ಒದೆಯುತ್ತಿದ್ದ ಕೂಸೂ ತೆಪ್ಪಗಾಗುತ್ತದೆ. ನೀರಾದ ಮೇಲೆ ಸಾಂಬ್ರಾಣಿ ಹೊಗೆ ತೋರಿಸಿ, ಹಳೇ ಪಂಚೆಯಲ್ಲಿ ಸುತ್ತಿ ಮಲಗಿಸಿದಳೆಂದರೆ ಮೂರು ಗಂಟೆ ಮಗು ಮಿಸುಕುವುದಿಲ್ಲ.

ಆ ಮೂರು ಗಂಟೆಯ ನಿದ್ದೆ ನೆನಪಿರಲಿ. ಈ ಕಥೆಯೆಲ್ಲ ನಿಂತಿರುವುದು ಅದರ ಮೇಲೆ.

ಅವಳು ಗವಿಪುರದ ವಠಾರದಲ್ಲಿರುವವಳು. ಗಂಡ ಹೋಗಿ ಬಹಳ ವರ್ಷವಾಯಿತು. ಮಗ, ಸೊಸೆ, ಮೊಮ್ಮಗಳು ಮಾನ್ಯ ಜೊತೆಗಿದ್ದಾರೆ. ನನಗೂ ಅವಳಿಗೂ ಒಂದೇ ವಯಸ್ಸು, ಅರವತ್ತೆರಡು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು, ಹೆಸರು ಶ್ರೀವಿದ್ಯಾ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಶಾಲೆಯವರೆಲ್ಲ ಬಲ್ಲರು. ಆದರೆ ಕಮಲಮ್ಮನ ಸಿಟ್ಟಿನ ಮುಂದೆ ನನ್ನದು ಏನೂ ಅಲ್ಲ. ನನ್ನದು ಉಕ್ಕಿ ಇಳಿಯುವ ಹಾಲು, ಅವಳದು ಬೂದಿ ಮುಚ್ಚಿದ ಕೆಂಡ.

ಈ ವರ್ಷ ಫೆಬ್ರವರಿ ಕೊನೆಯಲ್ಲಿ ನನ್ನ ಮಗಳು ಆರಾಧನಾಗೆ ಗಂಡು ಮಗುವಾಯಿತು. ಆರಾಧನಾ ಹುಟ್ಟಿದಾಗ ನೀರು ಹಾಕಿದ್ದೂ ಕಮಲಮ್ಮನೇ. ಈ ಸಲ ಕರೆಯಲು ಹೋದಾಗ ಅವಳು ಸುಮ್ಮನೆ ಎರಡೂ ಮಂಡಿ ತೋರಿಸಿದಳು. ಊದಿಕೊಂಡಿದ್ದವು.

"ನೆಲದ ಮೇಲೆ ಕೂರ್ಲೇಬಾರ್ದು ಅಂದಿದಾರೆ ಡಾಕ್ಟ್ರು. ಒಂದು ವರ್ಷದಿಂದ ಯಾರ ಮನೇಗೂ ಹೋಗಿಲ್ಲ. ಆದ್ರೆ ನಮ್ಮ ಪುಟ್ಟಿ ಮಗೂಗೆ ಬೇರೆಯೋರು ನೀರು ಹಾಕೋದಾ? ಬರ್ತೀನಿ ವಿದ್ಯಮ್ಮ. ಇದೊಂದೇ. ಇದೇ ನನ್ನ ಕೊನೇ ಕೂಸು."

ಹೀಗೆ ಬಂದಳು. ನಮ್ಮ ಗೀಸರಿನ ನೀರಿಗೆ ಶಾಖವಿಲ್ಲ ಎಂದು ಬೈದು, ಒಲೆಯ ಮೇಲೆ ಬೇರೆ ನೀರು ಕಾಯಿಸಿಕೊಂಡು, ದಿನವೂ ಒಂಬತ್ತಕ್ಕೆ ಸರಿಯಾಗಿ ಶುರು ಮಾಡುತ್ತಿದ್ದಳು.

ಇತ್ತ ಮಗಳಿಗೆ ಫೋಟೋದ ಹುಚ್ಚು. ಹಡೆದು ಮೂರು ದಿನವಾಗಿತ್ತು ಅಷ್ಟೇ, ಫೋನ್ ಹಿಡಿದು ಫೋಟೋಗ್ರಾಫರುಗಳ ಪಟ್ಟಿ ಮಾಡುತ್ತಾ ಕೂತಿದ್ದಳು. ಹಸುಗೂಸುಗಳ ಫೋಟೋ ತೆಗೆಯಲೆಂದೇ ಈಗ ಬೇರೆ ಫೋಟೋಗ್ರಾಫರುಗಳಿದ್ದಾರಂತೆ. ಕೂಸನ್ನು ಬುಟ್ಟಿಯಲ್ಲಿಟ್ಟು ತೆಗೆಯುತ್ತಾರೆ, ಬಕೆಟ್ಟಿನಲ್ಲಿಟ್ಟು ತೆಗೆಯುತ್ತಾರೆ, ತಲೆಗೆ ಹೂಕೋಸಿನಂಥ ಟೋಪಿ ಹಾಕಿ ತೆಗೆಯುತ್ತಾರೆ. ಕೂಸೇನು ತರಕಾರಿಯೇ ಎಂದು ಕೇಳಿದ್ದಕ್ಕೆ ನನಗೆ ಬೈಗುಳ.

"ಅಮ್ಮಾ, ಹದಿನಾಲ್ಕು ದಿನದೊಳಗೆ ತೆಗೆಸ್ಬೇಕು. ಆಮೇಲೆ ಹೊಟ್ಟೇಲಿದ್ದ ಹಾಗೆ ಮುದುಡಿ ಮಲಗಲ್ಲ."

"ಹನ್ನೊಂದನೇ ದಿನ ಪುಣ್ಯಾಹ ಆಗೋವರೆಗೂ ಪುರುಡು. ಹೊರಗಿನೋರು ಕೂಸನ್ನ ಮುಟ್ಟೋ ಹಾಗಿಲ್ಲ."

ಉಳಿದದ್ದು ಹನ್ನೆರಡು, ಹದಿಮೂರು, ಹದಿನಾಲ್ಕು, ಮೂರೇ ದಿನ. ಹೆಚ್ಚಿನವರಿಗೆ ಆ ಮೂರು ದಿನ ಬಿಡುವಿರಲಿಲ್ಲ. ಕೊನೆಗೆ ಪಟ್ಟಿಯಲ್ಲಿ ಇಬ್ಬರು ನಿಂತರು. ಒಬ್ಬಳು ಚಾಮರಾಜಪೇಟೆಯ ಕೋಕಿಲಾ, ಮೆತ್ತಗೆ ಮಾತಾಡುವ ಹುಡುಗಿ. ನನಗೆ ಅವಳೇ ಇಷ್ಟವಾಗಿದ್ದಳು. ಇನ್ನೊಬ್ಬ ಮಲ್ಲೇಶ್ವರದ ಕೈಲಾಸ್. 'ಮುದ್ದುಪಾದ' ಎಂಬ ಸ್ಟುಡಿಯೋ ಇಟ್ಟುಕೊಂಡವನು, ದೊಡ್ಡ ಹೆಸರು, ಅದಕ್ಕಿಂತ ದೊಡ್ಡ ರೇಟು. ಹನ್ನೆರಡನೇ ದಿನ ಅವನಿಗೆ ಬಿಡುವಿತ್ತು.

ಆರಾಧನಾ ಅವನ ಹೆಸರನ್ನು ಜೋರಾಗಿ ಓದಿದಾಗ ಕಮಲಮ್ಮ ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ಅವಳ ಕೈ ನಿಂತಿತು. ಮೂವತ್ತೆರಡು ವರ್ಷದಿಂದ ಬಲ್ಲ ಕೈ ಅದು, ಎಣ್ಣೆ ಹಚ್ಚುವಾಗ ನಡುವೆ ನಿಂತದ್ದನ್ನು ನಾನು ಕಂಡಿಲ್ಲ.

"ಅವರನ್ನೇ ಕರ್ಸು ಪುಟ್ಟಿ. ಚೆನ್ನಾಗಿ ತೆಗೀತಾರೆ" ಅಂದಳು.

"ನಿಮಗೆ ಗೊತ್ತಾ ಕಮಲಮ್ಮ ಅವರು?"

"ಗೊತ್ತು."

ಆ 'ಗೊತ್ತು' ನನಗೆ ಸರಿಬರಲಿಲ್ಲ. ಕೂಸು ಮಲಗಿದ ಮೇಲೆ ಅಡುಗೆಮನೆಗೆ ಕರೆದು, ಕಾಫಿ ಕೈಗೆ ಕೊಟ್ಟು, ಏನು ಸಮಾಚಾರ ಎಂದು ಕೇಳಿದೆ. ಮೊದಲು ಏನಿಲ್ಲ ಅಂದಳು. ಆಮೇಲೆ ಹೇಳಿದಳು.

ನಾಲ್ಕು ವರ್ಷದ ಹಿಂದೆ ಮಲ್ಲೇಶ್ವರದ ಒಂದು ಮನೆಯಲ್ಲಿ ಅವಳು ನೀರು ಹಾಕುತ್ತಿದ್ದಾಗ ಈ ಕೈಲಾಸ್ ಫೋಟೋ ತೆಗೆಯಲು ಬಂದಿದ್ದ. ಬಚ್ಚಲ ಬಾಗಿಲಲ್ಲಿ ನಿಂತು, ಅವಳ ಕಾಲಿನ ಮೇಲೆ ಮಲಗಿದ್ದ ಕೂಸಿನ ಫೋಟೋ ತೆಗೆದ. ಅವಳ ಮುಖವನ್ನು ಒಂದು ಸಲವೂ ನೋಡಲಿಲ್ಲ. "ಕಾಲು ಸ್ವಲ್ಪ ಆ ಕಡೆ, ಕಾಲು ಸ್ವಲ್ಪ ಈ ಕಡೆ" ಎಂದಷ್ಟೇ ಮಾತಾಡಿದ. ಕೆಲವು ತಿಂಗಳ ನಂತರ ಆ ಮನೆಯವರೇ ಹೇಳಿದರು: ನಿಮ್ಮ ಕಾಲಿನ ಮೇಲೆ ನಮ್ಮ ಮಗು ಮಲಗಿರೋ ಫೋಟೋನ ಸ್ಟುಡಿಯೋ ಮುಂದೆ ಆಳೆತ್ತರ ಹಾಕಿದಾರೆ ಕಮಲಮ್ಮ.

ಕಮಲಮ್ಮನಿಗೆ ಹಿಗ್ಗೋ ಹಿಗ್ಗು. ಇಷ್ಟು ವರ್ಷ ಇಷ್ಟು ಮನೆಗಳಲ್ಲಿ ಸಾವಿರಾರು ಫೋಟೋ ತೆಗೆದಿದ್ದಾರೆ, ಒಂದರಲ್ಲೂ ಇವಳಿಲ್ಲ. ನಾಮಕರಣಕ್ಕೆ ಊಟ ಹಾಕಿ, ಸೀರೆ ಕೊಟ್ಟು ಕಳಿಸುತ್ತಾರೆ, ಫೋಟೋಗೆ ನಿಲ್ಲು ಅನ್ನುವುದಿಲ್ಲ. ನಾನೂ ಅಂದಿರಲಿಲ್ಲ, ಸುಳ್ಳೇಕೆ ಹೇಳಲಿ. ಆಗ ಆರು ವರ್ಷದವಳಾಗಿದ್ದ ಮಾನ್ಯಳನ್ನು ಕರೆದುಕೊಂಡು, ಇಬ್ಬರೂ ಒಳ್ಳೆ ಬಟ್ಟೆ ಉಟ್ಟು, ಬಸ್ಸು ಹತ್ತಿ ಮಲ್ಲೇಶ್ವರಕ್ಕೆ ಹೋದರು.

ಫೋಟೋ ಇತ್ತು. ಕೂಸು ಅದೇ. ಹಿತ್ತಾಳೆ ಚೊಂಬು ಅದೇ. ಮಂಡಿಯವರೆಗೆ ಎತ್ತಿ ಸಿಕ್ಕಿಸಿದ ಹಸಿರು ಸೀರೆಯ ಅಂಚು ಇವಳದೇ. ಕಾಲು ಮಾತ್ರ ಬೇರೆ! ಸುಲಿದ ಬಾಳೆದಿಂಡಿನ ಹಾಗೆ ಬೆಳ್ಳಗೆ, ನುಣ್ಣಗೆ, ಬೆರಳಿಗೆ ಗುಲಾಬಿ ಬಣ್ಣ, ಬೆಳ್ಳಿ ಗೆಜ್ಜೆ. ಯಾವಳೋ ಹುಡುಗಿಯ ಕಾಲು ತಂದು ಅಂಟಿಸಿದ್ದ.

"ಮಾನ್ಯ ನನ್ನ ಕೈ ಎಳೆದು ಏನಂದ್ಲು ಗೊತ್ತಾ ವಿದ್ಯಮ್ಮ? ಅಜ್ಜಿ, ಇದು ನಿನ್ನ ಕಾಲಲ್ಲ, ನೀನು ಸುಳ್ಳಿ ಅಂದ್ಲು. ಪಕ್ಕದಲ್ಲಿ ಹೂವಿನೋಳು ನಕ್ಲು. ನಾನು ಹಾಗೇ ವಾಪಸ್ ಬಂದೆ. ಬಸ್ಸಲ್ಲಿ ಆ ಮಗು ನನ್ನ ಜೊತೆ ಮಾತಾಡ್ಲಿಲ್ಲ."

ಕಾಫಿ ಲೋಟ ಕೆಳಗಿಟ್ಟು ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಂಗೆ ಆನೆ ಬೇಡ. ಅವನು ಈ ಕಾಲಿಗೆ ಬೀಳ್ಬೇಕು. ಇದೇ ಕಾಲಿನ ಫೋಟೋನ ಅವನ ಕೈಯಲ್ಲೇ ತೆಗೆಸ್ಕೊಂಡು ಮಾನ್ಯಂಗೆ ತೋರಿಸ್ಬೇಕು. ನಾಲ್ಕು ವರ್ಷ ಕಾದಿದೀನಿ, ಯಾವ ಮನೇಲೂ ಅವನ್ನ ಕರೀಲಿಲ್ಲ. ಇನ್ನು ನಂಗೆ ಬೇರೆ ಕೂಸಿಲ್ಲ. ಇದೇ ಕೊನೇದು."

ನನಗೆ ಮೈಯೆಲ್ಲ ಉರಿಯಿತು. ಅವಳಿಗಾಗಿ ಮಾತ್ರವಲ್ಲ. ಆ ಪಾಪಿ ಅಳಿಸಿಹಾಕಿದ ಕಲೆ ಇದೆಯಲ್ಲ, ಅದು ಆದದ್ದು ನನ್ನ ಮನೆಯ ಬಚ್ಚಲಲ್ಲಿ. ಆರಾಧನಾಗೆ ಆಗ ಇಪ್ಪತ್ತು ದಿನ. ನೀರು ಹೊಯ್ಯುತ್ತಿದ್ದವರು ನಮ್ಮತ್ತೆ ಭಾಗೀರಥಮ್ಮ. ಮಾತಿನ ಭರದಲ್ಲಿ ತಣ್ಣೀರು ಬೆರೆಸುವುದನ್ನು ಮರೆತು, ಹಂಡೆಯಿಂದ ಮೊಗೆದ ಕುದಿನೀರನ್ನೇ ಚೊಂಬಿನಲ್ಲಿ ಎತ್ತಿ ಸುರಿದರು. ಕಮಲಮ್ಮ ಹಬೆ ಕಂಡವಳೇ ಎರಡೂ ಕೈಯಲ್ಲಿ ಕೂಸನ್ನು ಮೇಲೆತ್ತಿದಳು. ಕಾಲು ಅಲ್ಲೇ ಇತ್ತು. ನೀರು ಅದರ ಮೇಲೆ ಬಿತ್ತು. ಕೂಗಿದರೆ ಕೂಸು ಬೆಚ್ಚುತ್ತದೆ ಎಂದು ಹಲ್ಲು ಕಚ್ಚಿಕೊಂಡು ಕೂತಿದ್ದಳು. ನನ್ನ ಮಗಳ ಬೆನ್ನಿನ ಮೇಲೆ ಇರಬೇಕಾಗಿದ್ದ ಕಲೆ ಅದು. ಯಾರಪ್ಪನ ಮನೆ ಗಂಟೆಂದು ಅಳಿಸಿದ ಅವನು?

"ಕರ್ಸೋಣ. ಆದ್ರೆ ಕೂಸನ್ನ ಅಳಿಸೋ ಹಾಗಿಲ್ಲ" ಅಂದೆ.

"ಛೇ, ಬಿಡ್ತು ಅನ್ನಿ. ನನ್ನ ಕೈಯಲ್ಲಿ ಕೂಸು ಅಳುತ್ತಾ? ಎಚ್ಚರವಾಗಿರುತ್ತೆ ಅಷ್ಟೆ."

ಹನ್ನೊಂದನೇ ದಿನ ಪುಣ್ಯಾಹವಾಯಿತು. ಹನ್ನೆರಡನೇ ದಿನ ಬೆಳಗ್ಗೆ ಹತ್ತೂವರೆಗೆ ಬರುತ್ತೇನೆಂದು ಕೈಲಾಸ್ ಹೇಳಿದ್ದ. ಫೋನಿನಲ್ಲಿ ಆರಾಧನಾಗೆ ಪಾಠವೂ ಮಾಡಿದ್ದ: "ಮೇಡಂ, ಬೇಬಿ ಚೆನ್ನಾಗಿ ನಿದ್ದೇಲಿರ್ಬೇಕು. ಆಗ್ಲೇ ಪೋಸ್ ಬರೋದು. ಬಾತ್ ಕರೆಕ್ಟಾಗಿ ಹತ್ತಕ್ಕೆ ಮುಗಿಸಿಬಿಡಿ." ಅಂದರೆ, ಅವನ ಅಷ್ಟು ದೊಡ್ಡ ಹೆಸರು, ಅಷ್ಟು ದೊಡ್ಡ ರೇಟು ನಿಂತಿದ್ದದ್ದು ನೀರು ಹಾಕುವವರು ತರಿಸುವ ನಿದ್ದೆಯ ಮೇಲೆ!

ಅವತ್ತು ಕಮಲಮ್ಮ ಬೆಳಗ್ಗೆ ಆರಕ್ಕೇ ಬಂದಳು. ಆರಾಧನಾ ಕಣ್ಣುಜ್ಜಿಕೊಂಡು ಯಾಕಿಷ್ಟು ಬೇಗ ಎಂದು ಕೇಳಿದ್ದಕ್ಕೆ, ಮಂಡಿ ನೋವು, ಬೇಗ ಮುಗಿಸಿಬಿಡ್ತೀನಿ ಅಂದಳು. ಆರೂವರೆಗೆ ನೀರಾಯಿತು. ಏಳರಿಂದ ಹತ್ತರವರೆಗೆ ಕೂಸು ಮಹಾರಾಜನಂತೆ ಮಲಗಿ, ಎದ್ದು, ಹಾಲು ಕುಡಿದು, ಕೈಲಾಸ್ ಗಂಟೆ ಒತ್ತುವ ಹೊತ್ತಿಗೆ ಎರಡೂ ಕಣ್ಣು ಬಿಟ್ಟು ಫ್ಯಾನು ನೋಡುತ್ತಾ ಇತ್ತು.

ಮೂವತ್ತೈದು ವರ್ಷದ, ಗಡ್ಡ ಬಿಟ್ಟ ದಪ್ಪನೆಯ ಆಸಾಮಿ. ಎರಡು ಸೂಟ್‌ಕೇಸ್ ತುಂಬ ಸಾಮಾನು ತಂದಿದ್ದ. ಬುಟ್ಟಿ, ಉಣ್ಣೆಯ ಗೂಡು, ಹೂಕೋಸಿನ ಟೋಪಿ, ನವಿಲುಗರಿ, ಹೀಟರ್, ಶ್ ಶ್ ಎಂದು ಸದ್ದು ಮಾಡುವ ಒಂದು ಡಬ್ಬಿ. ಮಾರ್ಚ್ ತಿಂಗಳ ಸೆಖೆಯಲ್ಲಿ ಬಾಗಿಲು ಹಾಕಿ ಹೀಟರ್ ಹಚ್ಚಿದ. ಕೂಸು ನಿದ್ದೆ ಮಾಡಲಿಲ್ಲ, ನಾವೆಲ್ಲ ಬೆಂದೆವು. ಉಣ್ಣೆಯ ಗೂಡಿನಲ್ಲಿಟ್ಟ, ಕೂಸು ಅದರೊಳಗೆ ಉಚ್ಚೆ ಹೊಯ್ದಿತು. ಟೋಪಿ ಹಾಕಿದ, ಒದ್ದು ತೆಗೆಯಿತು. ಬಕೆಟ್ಟಿನ ಹತ್ತಿರ ಒಯ್ದ, ಮುಖ ಕೆಂಪು ಮಾಡಿತು, ಆರಾಧನಾ ಕಿತ್ತುಕೊಂಡಳು. ಡಬ್ಬಿಯ ಸದ್ದಿಗೆ ನನಗೇ ತೂಕಡಿಕೆ ಬಂತು.

ಕಮಲಮ್ಮ ಬಾಗಿಲ ಪಕ್ಕದಲ್ಲಿ ಕುರ್ಚಿಯ ಮೇಲೆ ಕೂತು, ಎಲೆಗೆ ಸುಣ್ಣ ಹಚ್ಚಿಕೊಂಡು ನೋಡುತ್ತಿದ್ದಳು. ಅವನು ಎರಡು ಸಲ ಅವಳನ್ನು ದಾಟಿ ಓಡಾಡಿದ. ಗುರುತು ಹಿಡಿಯಲಿಲ್ಲ.

ಹನ್ನೆರಡೂವರೆಯಾಯಿತು. ಒಂದೂ ಫೋಟೋ ಇಲ್ಲ. ಅವನ ಬೆನ್ನೆಲ್ಲ ಬೆವರು.

"ಮೇಡಂ, ಮೂರು ಗಂಟೆಗೆ ನಂಗೆ ಇನ್ನೊಂದು ಶೂಟ್ ಇದೆ. ಬೇಬಿ ಹೀಗೇ ಇದ್ರೆ ಏನೂ ಮಾಡೋಕಾಗಲ್ಲ."

"ನಮ್ಮ ಕಮಲಮ್ಮ ಇದಾರಲ್ಲ, ಕೇಳ್ಕೊಳ್ಳಿ" ಅಂದೆ ನಾನು. ಎಷ್ಟು ಹಿತವಾಗಿತ್ತು ಹಾಗೆ ಹೇಳಲು!

ಅವನು ತಿರುಗಿ ಕೈ ಮುಗಿದ. "ಅಮ್ಮಾ, ಪ್ಲೀಸ್. ಸ್ವಲ್ಪ ಮಲಗಿಸಿಕೊಡ್ತೀರಾ?"

"ಅದಕ್ಕೇನಂತೆ ಸಾರ್" ಎಂದು ಕಮಲಮ್ಮ ಎಲೆ ಉಗಿದು, ಬಾಯಿ ಮುಕ್ಕಳಿಸಿ, ಕೈ ತೊಳೆದು ಬಂದಳು. ಕುರ್ಚಿ ಹಿಡಿದು, ಗೋಡೆ ಹಿಡಿದು, ನೆಲಕ್ಕೆ ಇಳಿದಳು. ಮಂಡಿ ಲಟಕ್ಕೆಂದದ್ದು ನನಗೆ ಕೇಳಿಸಿತು. ಕಾಲು ನೀಡಿದಳು. ಸೀರೆಯನ್ನು ನೀರು ಹಾಕುವಾಗ ಎತ್ತಿ ಸಿಕ್ಕಿಸುವ ಹಾಗೆ ಮಂಡಿಯವರೆಗೆ ಎತ್ತಿ ಸಿಕ್ಕಿಸಿದಳು. ಕೂಸನ್ನು ಕಾಲಿನ ಮೇಲೆ ಹಾಕಿಕೊಂಡು ಎಡಕ್ಕೂ ಬಲಕ್ಕೂ ತೂಗುತ್ತಾ ಗಂಟಲೊಳಗೇ ಏನೋ ಗುನುಗಿದಳು. ಐದು ನಿಮಿಷ ಆಗಿರಲಿಕ್ಕಿಲ್ಲ. ಕೂಸು ಮುದುಡಿಕೊಂಡು, ಗಲ್ಲ ಅವಳ ಕಾಲಿಗೆ ಒತ್ತಿ, ಗಾಢವಾಗಿ ಮಲಗಿಬಿಟ್ಟಿತು.

"ವಾಹ್!" ಎಂದು ಕೈಲಾಸ್ ಎತ್ತಿಕೊಳ್ಳಲು ಬಂದ. ಎತ್ತಿದ, ಕೂಸು ಕಣ್ಣು ಬಿಟ್ಟಿತು. ಮತ್ತೆ ಅವಳ ಕಾಲಿಗೆ ಬಂತು, ಮಲಗಿತು. ಮತ್ತೆ ಎತ್ತಿದ, ಮತ್ತೆ ಎದ್ದಿತು. ಮೂರನೇ ಸಲ ಕಮಲಮ್ಮ ಅವನ ಕೈ ಸರಿಸಿದಳು.

"ಕೂಸೇನು ಆಟದ ಸಾಮಾನಾ ಸಾರ್? ತೆಗೆಯೋದಾದ್ರೆ ಇಲ್ಲೇ ತೆಗೀರಿ. ಈ ಕಾಲು ಬಿಟ್ಟು ಬೇರೆ ಕಡೆ ಇವತ್ತು ಅದು ಮಲಗಲ್ಲ."

ಅವನಿಗೆ ಬೇರೆ ದಾರಿ ಇರಲಿಲ್ಲ. ಕೂಸಿನ ಮುಖ ಕಾಣಬೇಕಾದರೆ ಕೆಳಗಿನಿಂದಲೇ ತೆಗೆಯಬೇಕು. ಅಷ್ಟು ದಪ್ಪನೆಯ ಮನುಷ್ಯ, ಮೊದಲು ಮಂಡಿಯೂರಿದ, ಆಮೇಲೆ ಮೊಣಕೈ ಊರಿದ, ಕೊನೆಗೆ ನಮ್ಮ ನಡುಮನೆಯ ನೆಲದ ಮೇಲೆ ಹೊಟ್ಟೆ ಅಡಿಯಾಗಿ ಉದ್ದಕ್ಕೆ ಮಲಗಿದ. ಅವನ ತಲೆ ಕಮಲಮ್ಮನ ಪಾದದ ಹತ್ತಿರ, ಒಂದು ಗೇಣು ದೂರ. ದೇವಸ್ಥಾನದಲ್ಲೂ ಅವನು ಅಷ್ಟು ಚೆನ್ನಾಗಿ ನಮಸ್ಕಾರ ಮಾಡಿರಲಿಕ್ಕಿಲ್ಲ.

ಕಮಲಮ್ಮ ನನ್ನ ಕಡೆ ನೋಡಿದಳು. ನಾನು ಅವಳ ಕಡೆ ನೋಡಿದೆ. ಬಿದ್ದ.

ಕ್ಲಿಕ್ ಕ್ಲಿಕ್ ಎಂದು ಹತ್ತಿಪ್ಪತ್ತು ತೆಗೆದ. ಆಮೇಲೆ ಸದ್ದು ನಿಂತಿತು. ಕ್ಯಾಮೆರಾವನ್ನು ಕಣ್ಣಿನಿಂದ ಇಳಿಸಿ ಅವಳ ಎಡಗಾಲನ್ನೇ ನೋಡತೊಡಗಿದ.

"ಈ ಕಲೆ..." ಅಂದ. "ಮಾವಿನೆಲೆ ಥರ, ತುದೀಲಿ ಸೀಳು... ಈ ಕಲೆ ನಾನು ನೋಡಿದೀನಿ."

"ನೋಡ್ದೇ ಇರ್ತೀಯಾ? ಅಳಿಸಿದೋನು ನೀನೇ ಅಲ್ವೇನೋ?" ಎಂದಳು ಕಮಲಮ್ಮ. 'ಸಾರ್' ಹೋಯಿತು, 'ನೀವು' ಹೋಯಿತು. ಆದರೆ ದನಿ ಏರಲಿಲ್ಲ, ಕಾಲಿನ ಮೇಲೆ ಕೂಸು ಮಲಗಿತ್ತು. "ನನ್ನ ಮುಖ ನೋಡಿದ್ರೆ ಗುರುತು ಸಿಗಲ್ಲ ನಿಂಗೆ. ಅವತ್ತು ಮುಖ ನೋಡಿದ್ರೆ ತಾನೇ?"

ಅವನು ಏಳಲು ಹೋದ.

"ಮಲಗು. ಎದ್ರೆ ಕೂಸು ಏಳುತ್ತೆ."

ಮಲಗಿದ. ಮಲಗಿಕೊಂಡೇ ಸಮಜಾಯಿಷಿ ಕೊಟ್ಟ. ಆ ಮನೆಯವರು ಕೇಳಿರಲಿಲ್ಲವಂತೆ, ಇವನಿಗೇ ಫೋಟೋ ಇನ್ನೂ ಸಾಫ್ ಆಗಿ ಬರಲಿ ಅನಿಸಿತಂತೆ. ಮೊದಲು ಕಲೆ ಮಾತ್ರ ತೆಗೆಯೋಣ ಎಂದು ಒಂದು ಮಧ್ಯಾಹ್ನವೆಲ್ಲ ಕಂಪ್ಯೂಟರ್ ಮುಂದೆ ಕೂತು ತಿದ್ದಿದನಂತೆ, ಆಮೇಲೆ ಹಿಮ್ಮಡಿ ಸರಿಹೋಗಲಿಲ್ಲವೆಂದು ಕಾಲನ್ನೇ ಬದಲಾಯಿಸಿದನಂತೆ.

"ಯಾರ ಕಾಲು ಅದು?" ಎಂದು ಕೇಳಿದಳು.

"ಯಾರದ್ದೂ ಅಲ್ಲ ಅಮ್ಮಾ. ನೆಟ್‌ನಲ್ಲಿ ಸಿಕ್ಕಿದ್ದು."

"ಯಾರದ್ದೂ ಅಲ್ಲದ ಕಾಲಿನ ಮೇಲೆ ಕೂಸು ಮಲಗಿಸಿದೆಯಾ?"

ಸ್ಟುಡಿಯೋ ಮುಂದಿನ ಆ ಫೋಟೋವನ್ನು ಆರಾಧನಾ ನೆಟ್‌ನಲ್ಲಿ ನೋಡಿದ್ದಳು, ಅಷ್ಟರಲ್ಲಿ ಅವಳಿಗೆ ಎಲ್ಲ ಅರ್ಥವಾಗಿತ್ತು. ಆ ಕಲೆ ಹೇಗಾಯಿತೆಂದು ಅವಳು ಚಿಕ್ಕಂದಿನಿಂದ ಕೇಳಿ ಬೆಳೆದವಳು. ನನ್ನ ಮಗಳು ನನ್ನಂತೆ ಕೂಗಾಡುವುದಿಲ್ಲ, ಆದರೆ ಚುಚ್ಚಿದರೆ ಆಳವಾಗಿ ಚುಚ್ಚುತ್ತಾಳೆ.

"ಕೈಲಾಸ್, ಹಳೇ ಫೋಟೋ, ಇವತ್ತಿನ ಫೋಟೋ, ಎರಡೂ ಅಕ್ಕಪಕ್ಕ ಹಾಕಿ ರಿವ್ಯೂ ಬರೀಲಾ? ಇಲ್ಲ, ಅಂಗಡಿ ಮುಂದಿನ ಆ ಫೋಟೋ ಇಳಿಸಿ ಇದನ್ನ ಹಾಕ್ತೀರಾ? ನಮ್ಮ ಮಗು ಫೋಟೋ ಹಾಕೋಕೆ ನಾನು ಒಪ್ಪಿಗೆ ಕೊಡ್ತೀನಿ."

"ಹಾಕ್ತೀನಿ ಮೇಡಂ."

ನಾನು ಬಾಯಿಮಾತು ನಂಬುವವಳಲ್ಲ. 'ಮಗುವನ್ನಾಗಲಿ ಕಾಲನ್ನಾಗಲಿ ಕೂದಲೆಳೆಯಷ್ಟೂ ತಿದ್ದುವುದಿಲ್ಲ' ಎಂದು ಅವನ ಕೈಯಲ್ಲೇ ಬರೆಸಿ, ಸಹಿ ಹಾಕಿಸಿಕೊಂಡೆ. ಮಲಗಿಕೊಂಡೇ ಬರೆದ. ಮುಖವೂ ಬರುವ ಹಾಗೆ ಒಂದು ತೆಗೆಯಲೇ ಎಂದು ಅವನು ಕೇಳಿದಾಗ ಕಮಲಮ್ಮ ತಲೆಯಾಡಿಸಿದಳು.

"ಮುಖ ಎಲ್ರಿಗೂ ಇರುತ್ತೆ. ಕಾಲು ಸಾಕು."

ಹದಿನೈದು ದಿನಕ್ಕೆ ಹಳೇ ಫೋಟೋ ಇಳಿಯಿತು, ಹೊಸದು ಏರಿತು. ಕಮಲಮ್ಮ ಮಾನ್ಯಳನ್ನು ಮತ್ತೆ ಬಸ್ಸು ಹತ್ತಿಸಿಕೊಂಡು ಹೋದಳು. ಈಗ ಮಾನ್ಯಳಿಗೆ ಹತ್ತು ವರ್ಷ. ಫೋಟೋದಲ್ಲಿನ ಕಲೆಯ ಮೇಲೆ ಬೆರಳಿಟ್ಟು, ನಡುರಸ್ತೆಯಲ್ಲೇ ಬಗ್ಗಿ ಅಜ್ಜಿಯ ಸೀರೆ ಎತ್ತಿ ಕಾಲು ನೋಡಿ, ಮತ್ತೆ ಫೋಟೋ ನೋಡಿದಳಂತೆ.

"ಅಜ್ಜಿ, ನಿಂದೇ."

"ಸುಳ್ಳಿ ಅಂದಿದ್ದೆಯಲ್ಲೇ ಅವತ್ತು?"

ಮಾನ್ಯ ಅಳಲು ಶುರುಮಾಡಿದಳಂತೆ. "ಅಳ್ಲಿ ಅಂತ ಸ್ವಲ್ಪ ಹೊತ್ತು ಬಿಟ್ಟೆ" ಎಂದಳು ಕಮಲಮ್ಮ ನನಗೆ. ಮೊಮ್ಮಗಳಿಗೂ ವಿನಾಯಿತಿ ಇಲ್ಲ! ಆಮೇಲೆ ಬಾದಾಮಿ ಹಾಲು ಕೊಡಿಸಿದಳಂತೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ನಮ್ಮ ಕೂಸಿಗೆ ಮೂರು ತಿಂಗಳು ತುಂಬಿದ ದಿನ. ಕಮಲಮ್ಮ ಕೊನೆಯ ನೀರು ಹಾಕಿ, ನಡುಮನೆಯಲ್ಲಿ ನೆಲದ ಮೇಲೆ ಗೋಡೆಗೊರಗಿ ಕೂತಿದ್ದಳು. ಕೈಲಾಸ್ ಬಂದ. ಕ್ಯಾಮೆರಾ ಇರಲಿಲ್ಲ, ಕೈಯಲ್ಲಿ ಹಣ್ಣು, ಎಲೆಯಡಿಕೆ. ನಿದ್ದೆಯಿಲ್ಲದೆ ಕಣ್ಣು ಒಳಗೆ ಹೋಗಿತ್ತು. ಹೆಂಡತಿಗೆ ಹೆಣ್ಣು ಮಗುವಾಗಿ ಒಂಬತ್ತು ದಿನ. ಹಗಲೂ ರಾತ್ರಿ ಅಳುತ್ತದೆ. ಮನೆಯಲ್ಲಿ ದೊಡ್ಡವರು ಯಾರೂ ಇಲ್ಲ.

"ಎಷ್ಟು ಬೇಬಿಗಳ ಫೋಟೋ ತೆಗೆದಿದೀನಿ ಅಮ್ಮಾ, ನನ್ನ ಮಗಳನ್ನ ಮಲಗಿಸೋಕೆ ಬರ್ತಿಲ್ಲ. ನೀವು ಬಂದು ನೀರು ಹಾಕ್ಬೇಕು. ಕಾರ್ ಕಳಿಸ್ತೀನಿ. ನಿಮ್ಮ ಕಾಲಿಗೆ ಬೀಳ್ತೀನಿ." ಬಿದ್ದೂ ಬಿಟ್ಟ. ಈ ಸಲ ಫೋಟೋಗಾಗಿ ಅಲ್ಲ.

ಕಮಲಮ್ಮ ಎಲ್ಲವನ್ನೂ ವಿಚಾರಿಸಿದಳು. ಎಷ್ಟು ತೂಕ, ಹಾಲು ಕುಡಿಯುತ್ತಾ, ಹೊಟ್ಟೆ ಬಿಗಿದುಕೊಳ್ಳುತ್ತಾ, ಡಾಕ್ಟರಿಗೆ ತೋರಿಸಿದೆಯಾ. ತೋರಿಸಿದ್ದನಂತೆ, ಏನೂ ತೊಂದರೆಯಿಲ್ಲವಂತೆ. ಅವನ ಮುಖದಲ್ಲಿ ಆಸೆ ಮೂಡಿತು. ಆಗ ಅವಳು ಹೇಳಿದಳು:

"ಆ ಬೆಳ್ಳನೆ ಕಾಲಿನೋಳು ಇದಾಳಲ್ಲಪ್ಪಾ, ಗೆಜ್ಜೆ ಹಾಕ್ಕೊಂಡು? ಅವಳನ್ನ ಕರ್ಸು. ಚೆನ್ನಾಗಿ ನೀರು ಹಾಕ್ತಾಳೆ."

ಅವನು ಎದ್ದ. ಹಣ್ಣನ್ನು ಟೀಪಾಯಿಯ ಮೇಲಿಟ್ಟು ಮೆಟ್ಟಿಲಿಳಿದು ಹೋದ. ನನಗೆ ಪಾಪ ಅನ್ನಿಸಿತು, ಹಾಗೆಯೇ ಒಳಗೊಳಗೇ ಖುಷಿಯೂ ಆಯಿತು. ಎರಡೂ ನಿಜ.

ಕಮಲಮ್ಮ ಏಳಲು ಹೋದಳು. ಮಂಡಿ ಬಗ್ಗಲಿಲ್ಲ. ಗೋಡೆ ಹಿಡಿದು ಇನ್ನೊಮ್ಮೆ ಪ್ರಯತ್ನಿಸಿದಳು, ಆಗಲಿಲ್ಲ. ನಾನು ಎರಡೂ ಕೈ ಕೊಟ್ಟು ಎಬ್ಬಿಸಿದೆ. ಅವಳ ಕಣ್ಣಲ್ಲಿ ನೀರು ಬಂತು. ನೋವಿಗೋ ಇನ್ನೇತಕ್ಕೋ, ನಾನು ಕೇಳಲಿಲ್ಲ.

"ಮಂಡಿ ಹೋಗಿದೆ, ಇನ್ನು ಯಾರಿಗೂ ನೀರು ಹಾಕೋಕಾಗಲ್ಲ ಅಂತ ಇದ್ದದ್ದು ಇದ್ದ ಹಾಗೆ ಹೇಳ್ಬಹುದಿತ್ತಲ್ಲೇ ಅವನಿಗೆ" ಎಂದೆ.

"ಹಾಗಂದಿದ್ರೆ ಅವನು ಬಚಾವಾಗ್ತಿದ್ದ ವಿದ್ಯಮ್ಮ."